ಸಮುದ್ರಕ್ಕೆ ಬರೆದ ಚಿತ್ರ

ನಾನು ಹೆದರುಪುಕ್ಕಲಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಇಷ್ಟು ವರ್ಷ ನನಗೆ ಅನ್ನ ಹಾಕಿದ್ದು ಈ ಹೆದರಿಕೆಯೇ. ಬೇರೆ ಊರಿನಲ್ಲಿ ಹುಟ್ಟಿದ್ದರೆ ನನ್ನನ್ನು ಯಾವುದಾದರೂ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸುತ್ತಿದ್ದರು. ನಮ್ಮೂರಿನಲ್ಲಿ ಶಾಲು ಹೊದಿಸಿದರು.

ನಮ್ಮಲ್ಲಿ ನಾಲ್ಕನೇ ಕ್ಲಾಸು ಮುಗಿದ ಮಕ್ಕಳನ್ನು ಒಂದು ದಿನ ಅಳಿವೆಯ ಹತ್ತಿರದ ಮರಳಿಗೆ ಕರೆದೊಯ್ಯುತ್ತಾರೆ. ಸಾಲಾಗಿ ನಿಲ್ಲಿಸಿ, ಮಾಸ್ತರರು ಸೀಟಿ ಊದುತ್ತಾರೆ. ನೀರಿನ ಕಡೆಗೆ ನಡೆಯಬೇಕು, ಎಲ್ಲಿ ಬೇಡವೆನಿಸುತ್ತದೋ ಅಲ್ಲಿ ನಿಲ್ಲಬೇಕು. ಎಲ್ಲರಿಗಿಂತ ಹಿಂದೆ ನಿಂತ ಮಗುವಿನ ಹೆಸರನ್ನು ಬರೆದುಕೊಳ್ಳುತ್ತಾರೆ. ಆ ಹೆಸರು ತಮ್ಮ ಮನೆಯದಾಗಲಿ ಎಂದು ಕೆಲವು ಅಪ್ಪ ಅಮ್ಮಂದಿರು ತಿಂಗಳುಗಟ್ಟಲೆ ಮಕ್ಕಳಿಗೆ ಹೆದರುವುದನ್ನು ಹೇಳಿಕೊಡುತ್ತಿದ್ದರು. ಪಾಪ, ಹಾಗೆ ಕಲಿತ ಮಕ್ಕಳು ಅಲೆ ಬಂದ ಕೂಡಲೇ ಪಾಠವೆಲ್ಲ ಮರೆತು ಓಡಿ ಹೋಗಿ ಚಡ್ಡಿ ನೆನೆಸಿಕೊಂಡು ಬರುತ್ತಿದ್ದವು. ನನ್ನ ಸರದಿ ಬಂದಾಗ ನನಗೆ ಒಂಬತ್ತು ವರ್ಷ. ಸೀಟಿ ಊದಿದ ಮೇಲೆ ಉಳಿದವರು ಮುಂದೆ ಹೋದರು, ನಾನು ಹಿಂದಕ್ಕೆ ಹೋದೆ. ಅರ್ಧ ಗಂಟೆ ಹುಡುಕಿದ ಮೇಲೆ ಜೋಕಿಂನ ಬೇಕರಿಯಲ್ಲಿ, ಮೈದಾ ಚೀಲಗಳ ಸಂದಿಯಲ್ಲಿ ಸಿಕ್ಕಿದೆನಂತೆ. ಮಾಸ್ತರರು ಬೈಯಲಿಲ್ಲ. ಮೈಗೆ ಹತ್ತಿದ ಹಿಟ್ಟು ಕೊಡವಿ, ಕೈ ಹಿಡಿದು, ನೇರವಾಗಿ ಊರ ಗೋಡೆಗೆ ಚಿತ್ರ ಬರೆಯುವ ದೂಮಣ್ಣನ ಮನೆಗೆ ಕರೆದುಕೊಂಡು ಹೋಗಿ, ಇವಳಿಗಿಂತ ಹಿಂದೆ ನಿಲ್ಲಲು ಊರಿನಲ್ಲಿ ಜಾಗವಿಲ್ಲ ಎಂದು ಒಪ್ಪಿಸಿಬಿಟ್ಟರು.

ನಮ್ಮೂರಿಗೂ ಸಮುದ್ರಕ್ಕೂ ನಡುವೆ ಒಂದು ಗೋಡೆಯಿದೆ. ಅಳಿವೆಯಿಂದ ಹಿಡಿದು ಕರಿಬಂಡೆಯವರೆಗೆ ಉದ್ದಕ್ಕೆ ಕಲ್ಲಿನ ಗೋಡೆ. ಎತ್ತರ ಹದಿನಾಲ್ಕು ಗೇಣು, ಅಂದರೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತರೆ ಆಚೆ ಇಣುಕಬಹುದು. ಊರಿನ ಕಡೆಯ ಮುಖದ ಮೇಲೆ ಬೆರಣಿ ಒಣಗುತ್ತಿರುತ್ತದೆ, ಹಳೆಯ ಚುನಾವಣೆಯ ಪೋಸ್ಟರುಗಳಿರುತ್ತವೆ. ಸಮುದ್ರದ ಕಡೆಯ ಮುಖದ ಮೇಲೆ ಸಮುದ್ರದ ಚಿತ್ರವಿದೆ. ದೀಪಾವಳಿ ಕಳೆದ ಮೇಲೆ ಪ್ರತಿವರ್ಷ ಅದನ್ನು ಹೊಸದಾಗಿ ಬರೆಯಬೇಕು. ಸಮುದ್ರ ಉಬ್ಬರದಲ್ಲಿ ಗೋಡೆಯ ಬುಡದವರೆಗೆ ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ. ಎಂಥ ಮಳೆಗಾಲವಾದರೂ ಅಷ್ಟೆ. ಗೋಡೆಯನ್ನು ಸುತ್ತಿಕೊಂಡು ಅಳಿವೆಯ ಕಡೆಯಿಂದ ಬರಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ಬರಬಹುದಿತ್ತು. ಬರುತ್ತಿರಲಿಲ್ಲ.

ಈ ಚಿತ್ರವನ್ನು ಹೆದರಿದವರೇ ಬರೆಯಬೇಕು. ದೂಮಣ್ಣ ಹಾಗೆ ಹೆದರಿದವರು. ಆರಡಿಯ ಆಳು, ಬಾಗಿಲು ತುಂಬುವಷ್ಟು ಭುಜ, ಹುರಿ ಮಾಡಿದ ಮೀಸೆ. ಅಂಥ ಮನುಷ್ಯ ಸ್ನಾನಕ್ಕೆ ಕೂತಾಗ ಹಂಡೆಯನ್ನು ಮಾರು ದೂರ ಇಟ್ಟುಕೊಂಡು, ಕೈ ಚಾಚಿ ಚೊಂಬು ಅದ್ದುತ್ತಿದ್ದರು. ಮದುವೆಯಾಗಿರಲಿಲ್ಲ. ಮನೆ ಗೋಡೆಗೆ ತಾಗಿದ ಮೊದಲ ಓಣಿಯಲ್ಲಿತ್ತು. ಯಾಕೆ ದೂಮಣ್ಣ, ಇಷ್ಟು ಹೆದರುವವರು ಇಷ್ಟು ಹತ್ತಿರ ಇದ್ದೀರಿ ಎಂದು ಕೇಳಿದ್ದೆ. ಎಷ್ಟು ಹತ್ತಿರ ಬಂದಿದೆ ಅಂತ ಗೊತ್ತಾಗಬೇಕಲ್ಲ ಎಂದಿದ್ದರು.

ಅವರಿಂದ ನಾನು ಕೆಲಸ ಕಲಿತೆ. ಚಿಪ್ಪು ಸುಟ್ಟು ಸುಣ್ಣ ಮಾಡುವುದು, ಅದಕ್ಕೆ ಬೆಲ್ಲ, ಅಳಲೆಕಾಯಿಯ ನೀರು ಹಾಕಿ ನೆನೆಸುವುದು, ಕೇದಗೆಯ ಬೇರನ್ನು ಜಜ್ಜಿ ಕುಂಚ ಮಾಡುವುದು, ತೆಂಗಿನ ಗೆರಟೆಯ ಮಸಿಯನ್ನು ಅರೆಯುವುದು. ಇಳಿತದ ಹೊತ್ತಿಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೋಡೆಯ ಆಚೆಗೆ ಇಳಿಯಬೇಕು. ಹಗ್ಗದ ಇನ್ನೊಂದು ತುದಿಯನ್ನು ಗೋಡೆಯ ಮೇಲೆ ಕೂತು ಹಿಡಿಯುವವರು ಊರಿನ ಧೈರ್ಯಸ್ಥರು. ನನ್ನ ಹಗ್ಗ ಹಿಡಿಯುತ್ತಿದ್ದವಳು ಮೀನು ಮಾರುವ ಮುತ್ತಕ್ಕ. ಚಿತ್ರದ ಪಾಠವಾಗಿ ದೂಮಣ್ಣ ಹೇಳಿದ್ದು ಒಂದೇ ಮಾತು: “ನಿಂಗೆ ಎಷ್ಟು ಹೆದರಿಕೆ ಉಂಟೋ ಅಷ್ಟು ಬರಿ ಮಗಾ. ಹೆಚ್ಚೂ ಬೇಡ, ಕಡಿಮೆಯೂ ಬೇಡ.”

ಹಾಗಾಗಿ ನನ್ನ ಅಲೆಗಳು ಗೋಡೆಯ ನೆತ್ತಿಯವರೆಗೆ ಏಳುತ್ತಿದ್ದವು. ಕಪ್ಪು, ಬಿಳಿ, ಅಲ್ಲಲ್ಲಿ ಒಂದು ಹಸಿರು. ಕೆಳಗೆ ನಿಂತು ಬರೆಯುತ್ತಿದ್ದರೆ ನಾನು ಬರೆದ ಅಲೆಗೆ ನಾನೇ ಬೆವರುತ್ತಿದ್ದೆ, ಬೆನ್ನ ಹಿಂದೆ ನಿಜವಾದದ್ದು ಬೇರೆ. ಮುತ್ತಕ್ಕ ಮೇಲಿನಿಂದ ವೀಳ್ಯದೆಲೆ ಜಗಿಯುತ್ತ, ಹಗ್ಗ ನಡುಗುವುದು ನೋಡಿದರೆ ದೊಡ್ಡ ಮೀನೇ ಬಿದ್ದ ಹಾಗೆ ಉಂಟು ಎಂದು ತಮಾಷೆ ಮಾಡುತ್ತಿದ್ದಳು.

ಊರು ನಮ್ಮನ್ನು ಚೆನ್ನಾಗಿ ನೋಡಿಕೊಂಡಿತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಜೋಕಿಂನ ಒಲೆಯಿಂದ ಇಳಿದ ಮೊದಲ ಬ್ರೆಡ್ಡು ನಮ್ಮದು. ಮುತ್ತಕ್ಕನ ಬುಟ್ಟಿಯ ಮೊದಲ ಬಂಗುಡೆ ನಮ್ಮದು. ಬಸ್ಸಿನಲ್ಲಿ ಹೋದರೆ ಸೀಟು ಬಿಡುತ್ತಿದ್ದರು. ದೂಮಣ್ಣನಿಗೆ ಕೈ ನಡುಗಲು ಶುರುವಾಗಿ ಕೆಲಸ ಪೂರ್ತಿ ನನ್ನ ಮೇಲೆ ಬಿದ್ದಾಗ ನನಗೆ ಇಪ್ಪತ್ತನಾಲ್ಕು. ಅಂದಿನಿಂದ ದಾರಿಯಲ್ಲಿ ಕಂಡ ಹಿರಿಯರೂ ನನಗೆ ಕೈ ಮುಗಿದರು. ಆದರೆ ನನ್ನ ಚಿತ್ರ ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ. ಹೇಳುವುದಾದರೂ ಹೇಗೆ, ಯಾರೂ ನೋಡಿರಲಿಲ್ಲ. ಗೋಡೆಯ ಆಚೆಗೆ ಹೋಗುವ ರೂಢಿಯೇ ನಮ್ಮಲ್ಲಿರಲಿಲ್ಲ. ಹಗ್ಗ ಹಿಡಿದು ಮೇಲೆ ಕೂತವರಿಗೆ ಕಾಣುತ್ತಿದ್ದುದು ನನ್ನ ನೆತ್ತಿ ಅಷ್ಟೆ. ದೋಣಿಯವರಿಗೆ ದೂರದಿಂದ ಒಂದಿಷ್ಟು ಕಾಣುತ್ತಿತ್ತು, ಅವರೋ ಆ ಕಡೆ ಮುಖ ಹಾಕದೆ ಅಳಿವೆಗೆ ತಿರುಗುತ್ತಿದ್ದರು. ಹದಿನಾರು ವರ್ಷ ನಾನೊಬ್ಬಳೇ ಬರೆದ ಚಿತ್ರವನ್ನು ನೋಡಿದ್ದು ಸಮುದ್ರ ಮಾತ್ರ.

ಹೀಗಿರುವಾಗ ಪದ್ಮಯ್ಯನವರು ಪುರಸಭೆಯ ಅಧ್ಯಕ್ಷರಾದರು. ಒಳ್ಳೆಯ ಮನುಷ್ಯ. ಚರಂಡಿ ಮಾಡಿಸಿದರು, ಶಾಲೆಗೆ ಹೆಂಚು ಹಾಕಿಸಿದರು. ಆಮೇಲೆ ಅಳಿವೆಯ ತುದಿಯಿಂದ ಗೋಡೆಗೆ ಎದುರಾಗಿ ನೀರಿನೊಳಗೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿ, ಅದರ ಮೇಲೆ ಬೆಂಚುಗಳನ್ನು ಹಾಕಿಸಿದರು. ಸಂಜೆ ಜನ ಬಂದು ಕೂತು ಗೋಡೆಯನ್ನು ನೋಡಬೇಕು ಎಂಬುದು ಅವರ ಆಸೆ. ಕಟ್ಟೆ ಮುಗಿದ ದಿನ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಪಕ್ಕಕ್ಕಿಟ್ಟು, “ವಾರಿಜಕ್ಕ, ನೀವು ಕಲಾವಿದರು. ನಿಮ್ಮ ಚಿತ್ರ ಹೀಗೆ ಮುಚ್ಚಿಟ್ಟದ್ದು ಊರಿನ ತಪ್ಪು,” ಎಂದರು.

ಕಲಾವಿದರು. ಆ ಮಾತು ನನ್ನ ತಲೆಗೆ ಹೇಗೆ ಏರಿತೆಂದರೆ ಉಳಿದ ಮಾತಿಗೆಲ್ಲ ನಾನು ಹೂಂ ಎನ್ನುತ್ತಲೇ ಹೋದೆ. ಜನ ಹೆಂಡತಿ ಮಕ್ಕಳ ಜೊತೆ ಬಂದು ಕೂತಾಗ ಆ ಕರಿ ಅಲೆ ನೋಡಿದರೆ ಮಕ್ಕಳು ಅಳುವುದಿಲ್ಲವೇ ಎಂದರು ಪದ್ಮಯ್ಯ. ಈ ವರ್ಷ ಸಣ್ಣ ಸಮುದ್ರ ಬರೆಯಿರಿ, ಮೊಣಕಾಲೆತ್ತರ ಸಾಕು, ನೀಲಿ ಇರಲಿ, ಹಕ್ಕಿ ಇರಲಿ ಎಂದರು. “ಇಷ್ಟು ವರ್ಷ ಅದು ನಮ್ಮ ಮಾತು ಕೇಳಿದೆ. ಸಣ್ಣದು ಬರೆದರೆ ಸಣ್ಣದಾಗಿಯೇ ಇರ್ತದೆ. ಹೆದರಿದ್ದು ಸಾಕಲ್ವಾ?”

ದೂಮಣ್ಣನಿಗೆ ಹೇಳಲು ಹೋದೆ. ಆಗ ಅವರಿಗೆ ಎಪ್ಪತ್ತೆಂಟು. ಚಾ ತಟ್ಟೆಗೆ ಸುರಿದುಕೊಂಡು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಪೂರ್ತಿ ಕೇಳಿದ ಮೇಲೆ, ಯಾರಿಗೆ ಬರೀತಿದ್ದಿ ಅಂತ ಮಾತ್ರ ನೋಡ್ಕೋ ಎಂದರು. ಇವರಿಗೆ ಹೊಟ್ಟೆಕಿಚ್ಚು ಎಂದುಕೊಂಡೆ ನಾನು. ಇವರ ಕಾಲದಲ್ಲಿ ಯಾರೂ ಇವರನ್ನು ಕಲಾವಿದ ಎನ್ನಲಿಲ್ಲವಲ್ಲ, ಅದಕ್ಕೆ. ಈ ಯೋಚನೆ ನನಗೆ ಬಂದಿತ್ತು ಎಂಬುದನ್ನು ಇಂದಿಗೂ ಅವರಿಗೆ ಹೇಳಿಲ್ಲ.

ಹನ್ನೊಂದು ದಿನ ಬರೆದೆ. ಹಳೆಯ ಅಲೆಗಳ ಮೇಲೆ ಎರಡು ಸಲ ಸುಣ್ಣ ಬಳಿದು, ಮೊಣಕಾಲೆತ್ತರಕ್ಕೆ ಪುಟ್ಟ ಪುಟ್ಟ ತೆರೆಗಳನ್ನು ಬಿಡಿಸಿದೆ. ಮೇಲೆ ಬೆಳ್ಳಕ್ಕಿಗಳು, ಹಾಯಿ ಬಿಟ್ಟ ದೋಣಿ, ನಗುವ ಮೀನು. ಮೀನಿಗೆ ನಗು ಬರೆದವಳು ಈ ಕರಾವಳಿಯಲ್ಲಿ ನಾನೊಬ್ಬಳೇ ಇರಬೇಕು. ಮುತ್ತಕ್ಕ ಮೇಲಿನಿಂದ ಬಗ್ಗಿ ನೋಡಿ, ನನ್ನ ಬುಟ್ಟಿಯಲ್ಲಿ ಒಂದು ದಿನವೂ ಇಂಥದ್ದು ಬರಲಿಲ್ಲ ಎಂದಳು. ಹಗ್ಗ ಆ ಸಲ ಅಷ್ಟಾಗಿ ನಡುಗಲಿಲ್ಲ. ಮುಗಿದ ಸಂಜೆ ಊರಿಗೆ ಊರೇ ಕಟ್ಟೆಯ ಮೇಲೆ ಬಂದು ಕೂತು, ನೆಲಗಡಲೆ ತಿನ್ನುತ್ತ, ಎಷ್ಟು ಚಂದ, ಎಷ್ಟು ಚಂದ ಎಂದಿತು. ಹೊಸ ಸೀರೆ ಉಟ್ಟುಕೊಂಡು ನಾನು ಊರಿನ ಕಡೆ ಗೋಡೆಗೆ ಒರಗಿ ನಿಂತು ಆ ಮಾತುಗಳನ್ನು ಕೇಳಿಸಿಕೊಂಡೆ. ಅಷ್ಟು ಸುಖ ನನಗೆ ಅದುವರೆಗೆ ಆಗಿರಲಿಲ್ಲ.

ಒಂದು ವಾರ ಕಳೆಯಿತು. ಎಂಟನೆಯ ದಿನದ ಉಬ್ಬರದಲ್ಲಿ ನೀರು ಬುಡದಲ್ಲಿ ನಿಲ್ಲದೆ ಗೋಡೆಯ ಮೇಲೆ ಮೊಣಕಾಲೆತ್ತರ ಏರಿತು. ಸರಿಯಾಗಿ ನಾನು ತೆರೆ ಬರೆದಲ್ಲಿಗೆ. ನೋಡಿ, ಬರೆದ ಹಾಗೇ ಬಂದಿದೆ ಎಂದು ಪದ್ಮಯ್ಯನವರು ಎಲ್ಲರಿಗೂ ತೋರಿಸಿದರು. ಆಮೇಲೆ ಇಳಿತದ ಹೊತ್ತಾಯಿತು. ನೀರು ಹೋಗಲಿಲ್ಲ. ಮರುದಿನ ಒಂದು ಗೇಣು ಮೇಲೆ ಬಂತು. ಅದರ ಮರುದಿನ ಇನ್ನೊಂದು ಗೇಣು.

ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಗಾಳಿಯಿಲ್ಲ, ಅಬ್ಬರವಿಲ್ಲ. ಚಿತ್ರವನ್ನು ಹತ್ತಿರದಿಂದ ನೋಡಬೇಕೆಂದು ಹಿಮ್ಮಡಿ ಎತ್ತಿದವರ ಹಾಗೆ ಸಮುದ್ರ ದಿನಕ್ಕೊಂದು ಗೇಣು ಏರುತ್ತಿತ್ತು. ಕಟ್ಟೆ ಮುಳುಗಿತು, ಬೆಂಚುಗಳು ಮುಳುಗಿದವು. ನನ್ನ ಮೀನುಗಳು ನಗುತ್ತಲೇ ಮುಳುಗಿದವು. ಗೋಡೆಯ ಬುಡದಿಂದ ಜಿನುಗಿ ಮೊದಲ ಓಣಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು, ಬಾವಿಗಳು ಉಪ್ಪಾದವು. ಆ ಓಣಿಯವರು ಮಂಚ ಪಾತ್ರೆಗಳನ್ನು ಹೊತ್ತು ಶಾಲೆಗೆ ಹೋದರು. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಜೋಕಿಂನ ಮೊದಲ ಬ್ರೆಡ್ಡು ಎಂದಿನಂತೆ ಬೆಳಿಗ್ಗೆ ಜಗಲಿಯ ಮೇಲೆ ಬಂದು ಕೂತಿತ್ತು. ಅದನ್ನು ನೋಡಿ ನನಗೆ ಅಳು ಬಂತು.

ದೂಮಣ್ಣ ಮಾತ್ರ ಮನೆ ಬಿಟ್ಟು ಹೊರಡಲಿಲ್ಲ. ಹಟ ಎಂದುಕೊಂಡರು ಜನ. ಹಟವಲ್ಲ. ಹೊಸ್ತಿಲಾಚೆ ನೀರಿತ್ತು, ಅದೂ ಸಮುದ್ರದ ನೀರು. ಅದರಲ್ಲಿ ಪಾದ ಇಡಲು ಅವರಿಂದ ಆಗಲಿಲ್ಲ. ನಾಲ್ಕು ಜನ ಎತ್ತಿಕೊಂಡು ಹೋಗಲು ಬಂದರೆ ಬಾಗಿಲ ದಾರಂದವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಕಣ್ಣು ಮುಚ್ಚಿಕೊಂಡರು. ಆ ಹಿಡಿತ ಬಿಡಿಸಲು ಯಾರಿಂದಲೂ ಸಾಧ್ಯವಾಗಲಿಲ್ಲ. ಗೋಡೆ ದಾಟಿ ನೀರು ಬಂದರೆ ಮೊದಲು ಹೋಗುವ ಮನೆ ಅವರದು. ಊರನ್ನು ಐವತ್ತು ವರ್ಷ ಕಾದ ಮನುಷ್ಯ ತಮ್ಮ ಹೆದರಿಕೆಯಿಂದಲೇ ಓಡಲಾರದೆ ಕೂತಿದ್ದರು, ನಾನು ಬರೆದ ಬೆಳ್ಳಕ್ಕಿಗಳಿಂದಾಗಿ.

ನೀರು ಏರತೊಡಗಿದ ಒಂಬತ್ತನೆಯ ದಿನ ಗೋಡೆಯಲ್ಲಿ ನಾಲ್ಕು ಗೇಣು ಮಾತ್ರ ಉಳಿದಿತ್ತು. ಮುತ್ತಕ್ಕನಿಗೆ ಹಗ್ಗ ಕೊಟ್ಟು ಆಚೆಗೆ ಇಳಿದೆ. ಕಾಲಿಗೆ ನೀರು ತಾಗಿದಾಗ ನಾನು ಕೂಗಿದ ಕೂಗು ಶಾಲೆಯವರೆಗೆ ಕೇಳಿಸಿತಂತೆ. ಮಸಿಯಲ್ಲಿ ಕೈ ಅದ್ದಿ ಅದ್ದಿ ಆ ನಾಲ್ಕು ಗೇಣಿನಲ್ಲಿ ಅಲೆ ಬರೆಯಲು ನೋಡಿದೆ. ಬರೆಯುವಾಗಲೇ ಗೊತ್ತಾಗುತ್ತಿತ್ತು, ಇದು ಸಾಲದು. ನನ್ನ ಹೆದರಿಕೆ ಆ ಜಾಗದಲ್ಲಿ ಹಿಡಿಸುತ್ತಿರಲಿಲ್ಲ. ಮರುದಿನ ನೋಡಿದರೆ ಮೂರೇ ಗೇಣು ಉಳಿದಿತ್ತು.

ಅವತ್ತು ಬೆಳಿಗ್ಗೆ ದೂಮಣ್ಣನ ಮನೆಗೆ ಹೋದೆ. ಹೋದೆ ಎನ್ನುವುದಕ್ಕಿಂತ ಮುತ್ತಕ್ಕ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋದಳು ಎನ್ನಬೇಕು. ನಲವತ್ತು ವರ್ಷದ ಹೆಂಗಸು ಪಾದ ಮುಳುಗುವ ನೀರಿಗೆ ಹೆದರಿ ಮೀನಿನವಳ ಬೆನ್ನೇರಿದ್ದನ್ನು ನೋಡಿ ಯಾರೂ ನಗಲಿಲ್ಲ. ದೂಮಣ್ಣ ಬಾಗಿಲಲ್ಲಿ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದರು. ಅಡುಗೆಮನೆಯಲ್ಲಿ ಏಡಿಯೊಂದು ಓಡಾಡುತ್ತಿತ್ತು. ನಾನು ಅವರ ಮುಂದೆ ಕೂತು ಅತ್ತೆ. ಜನ ಚಂದ ಅನ್ನಲಿ ಎಂದು ಬರೆದೆ, ಒಂದು ಸಲ ಅನ್ನಿಸಿಕೊಳ್ಳಬೇಕು ಎಂದು ಆಸೆಯಾಯಿತು ಎಂದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ಕೈ ನಡುಗುತ್ತಿದ್ದುದರಿಂದ ನನ್ನ ತಲೆಯೂ ನಡುಗಿತು.

“ನಾನೂ ಒಂದು ವರ್ಷ ನವಿಲು ಬರೆದಿದ್ದೆ,” ಎಂದರು. “ಚಂದ ಇತ್ತು. ಮಾರನೇ ದಿವಸ ಹೆದರಿ ಅಳಿಸಿದೆ.”

ಇಷ್ಟು ವರ್ಷ ಸಮುದ್ರ ನಮ್ಮ ಮಾತು ಕೇಳಿದ್ದಲ್ಲ, ಬರೆದದ್ದನ್ನು ನೋಡಿ ಹೋದದ್ದು ಎಂದರು. ತಾನು ಎಷ್ಟು ದೊಡ್ಡದು ಎಂಬುದು ಇವರಿಗೆ ಗೊತ್ತುಂಟು ಎಂದು ನೋಡಿ ಸಮಾಧಾನವಾಗಿ ಹೋಗುತ್ತಿತ್ತು. ಈಗ ಅಳತೆ ತಪ್ಪಾಗಿದೆ, ತಿದ್ದಲು ಬರುತ್ತಾ ಉಂಟು. ಆಮೇಲೆ ನನ್ನ ಮುಖ ನೋಡಿ ಕೇಳಿದರು: “ಈಗ ನಿನ್ನ ಹೆದರಿಕೆ ಎಷ್ಟೆತ್ತರ ಉಂಟು?”

ಗೋಡೆಗಿಂತ ಎತ್ತರ ಎಂದೆ. ಈ ಮಾಡಿಗಿಂತ ಎತ್ತರ, ಶಾಲೆಯ ಹೆಂಚಿಗಿಂತ ಎತ್ತರ.

“ಹಾಗಾದ್ರೆ ಅಲ್ಲಿಯೇ ಬರಿ. ಗೋಡೆ ಮುಗಿದರೆ ಎಂತಾಯ್ತು, ಊರಿಡೀ ಗೋಡೆ ಉಂಟಲ್ಲ.”

ಮೊದಲು ಅವರ ಮನೆಯಿಂದಲೇ ಶುರು ಮಾಡಿದೆ. ಅದರ ಸಮುದ್ರದ ಕಡೆಯ ಗೋಡೆಗೆ ಏಣಿ ಹಾಕಿ, ಹೊಸ್ತಿಲಿನಿಂದ ಮಾಡಿನವರೆಗೆ ಅಲೆ ಎಬ್ಬಿಸಿ, ಹೆಂಚಿನ ಮೇಲೂ ಸುಣ್ಣದ ನೊರೆ ಹಾಯಿಸಿದೆ. ಏಣಿ ಹಿಡಿದಿದ್ದ ಮುತ್ತಕ್ಕ ಮಧ್ಯಾಹ್ನದ ಹೊತ್ತಿಗೆ ಒಂದು ಇದ್ದಿಲು ತೆಗೆದುಕೊಂಡು ಪಕ್ಕದ ಓಣಿಯ ತನ್ನ ಮನೆಗೆ ನಡೆದಳು. ಇನ್ನೊಬ್ಬರ ಬೆನ್ನೇರಿ ಓಣಿ ದಾಟಿ ಹೋಗಿ ನೋಡಿದರೆ ಅವಳ ಗೋಡೆಯ ತುಂಬ ಒಂದೇ ಅಲೆ, ಅದರ ನೆತ್ತಿಯಲ್ಲಿ ಒಂದು ಖಾಲಿ ದೋಣಿ. ಅವಳ ಗಂಡನ ದೋಣಿ ಒಂದು ಸಲ ಎರಡು ದಿನ ಬಂದಿರಲಿಲ್ಲ. ಆ ಎರಡು ದಿನವೂ ಇವಳು ನಗುನಗುತ್ತ ಬುಟ್ಟಿ ಹೊತ್ತಿದ್ದು ನನಗೆ ನೆನಪಿತ್ತು.

“ನಂಗೂ ಹೆದರಿಕೆ ಉಂಟು ವಾರಿಜಾ,” ಎಂದಳು ತಿರುಗದೆಯೇ. “ಹಗ್ಗ ಹಿಡಿಯುವವಳನ್ನು ಯಾರು ಕೇಳ್ತಾರೆ?”

ಹದಿನಾರು ವರ್ಷ ನನ್ನ ಜೀವ ಇವಳ ಕೈಯಲ್ಲಿತ್ತು, ನಾನೂ ಕೇಳಿರಲಿಲ್ಲ. ಅವಳ ಪಕ್ಕದಲ್ಲಿ ನಿಂತು ಅಲೆಯ ಬುಡಕ್ಕೆ ಮಸಿ ತುಂಬಿಕೊಟ್ಟೆ.

ಅಲ್ಲಿಂದ ಅದು ಊರಿಗೆ ಹಬ್ಬಿತು. ಯಾರೂ ಯಾರಿಗೂ ಹೇಳಿದ್ದಿಲ್ಲ. ಸುಣ್ಣ ಮುಗಿದಾಗ ಜೋಕಿಂ ಮೈದಾ ಅಂಟು ಕುದಿಸಿ ಕೊಟ್ಟ. ತನ್ನ ಬೇಕರಿಯ ಮೇಲೆ ಅವನು ಅಲೆ ಬರೆಯಲು ಬಾರದೆ ಹನ್ನೊಂದು ಕಾಲಿನ ಒಂದು ಪ್ರಾಣಿಯನ್ನು ಬರೆದ. ಚಿಕ್ಕಂದಿನಿಂದ ಕನಸಿನಲ್ಲಿ ಬರುತ್ತದಂತೆ, ಹೆಂಡತಿಗೂ ಹೇಳಿರಲಿಲ್ಲವಂತೆ. ಮಾಸ್ತರರು ಶಾಲೆಯ ಗೋಡೆಯ ಮೇಲೆ ಬರಿಯ ಕಪ್ಪು ಬಳಿದರು. ಅಜ್ಜಿಯರು ರಂಗೋಲಿ ಹಿಟ್ಟಿನಲ್ಲಿ ನೊರೆ ಬರೆದರು. ಮೂರನೆಯ ದಿನ ಪದ್ಮಯ್ಯನವರು ಪುರಸಭೆಯ ಮುಂದೆ ತಾವೇ ಏಣಿ ಹತ್ತಿ, ಬಾವುಟದ ಕಂಬದವರೆಗೆ ನೀರು ಏರಿಸಿದರು. ತಮ್ಮ ಸರದಿಯಲ್ಲಿ ಸೀಟಿ ಊದಿದ ದಿನ ಕುತ್ತಿಗೆಯವರೆಗೆ ನೀರಿಗೆ ಹೋಗಿದ್ದ ಹುಡುಗ ಅವರು. ಏಣಿಯ ಮೇಲಿನಿಂದ ನನ್ನನ್ನು ಕರೆದು, ಅವತ್ತೇ ಕಾಲು ನಡುಗಿತ್ತು ವಾರಿಜಕ್ಕ, ಆದರೆ ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು ಎಂದರು. ಅವರ ಮೇಲಿದ್ದ ಸಿಟ್ಟು ನನಗೆ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಮಧ್ಯಾಹ್ನ ನೀರು ಗೋಡೆಯ ಮಟ್ಟಕ್ಕೆ ಬಂತು. ಊರೆಲ್ಲ ಮಾಡುಗಳ ಮೇಲೆ, ಏಣಿಗಳ ಮೇಲೆ ಕೂತಿತ್ತು. ಗೋಡೆಯ ನೆತ್ತಿಯ ಮೇಲಿಂದ ತೆಳ್ಳಗೆ, ಸದ್ದಿಲ್ಲದೆ, ಒಂದು ಪದರ ನೀರು ಈಚೆಗೆ ಜಾರಿತು. ಓಣಿಯಲ್ಲಿ ಏರುತ್ತ ಬಂದು ದೂಮಣ್ಣನ ಹೊಸ್ತಿಲ ಮೇಲಿನ ಅಂಚನ್ನು ಮುಟ್ಟಿತು. ಅವರು ಬಾಗಿಲಲ್ಲೇ ಬೆಂಚಿನ ಮೇಲಿದ್ದರು. ಮುತ್ತಕ್ಕ ನನ್ನನ್ನು ಅವರ ಬೆಂಚಿಗೆ ದಾಟಿಸಿ ತಾನು ನೀರಿನಲ್ಲೇ ನಿಂತಿದ್ದಳು. ದೂಮಣ್ಣ ನನ್ನ ಮುಂಗೈಯನ್ನು ಹಿಡಿದಿದ್ದ ಹಿಡಿತಕ್ಕೆ ನೀಲಿಗಟ್ಟಿದ ಗುರುತು ತಿಂಗಳವರೆಗೆ ಇತ್ತು. ಆದರೆ ಈ ಸಲ ಅವರು ಕಣ್ಣು ಮುಚ್ಚಲಿಲ್ಲ. ನೀರು ಹೊಸ್ತಿಲಲ್ಲಿ ನಿಂತಿತು. ಒಂದು ಅನ್ನ ಬೇಯುವಷ್ಟು ಹೊತ್ತು ಅಲ್ಲಿಯೇ ಇತ್ತು. ಮುತ್ತಕ್ಕನ ಖಾಲಿ ದೋಣಿ, ಜೋಕಿಂನ ಹನ್ನೊಂದು ಕಾಲಿನ ಪ್ರಾಣಿ, ಶಾಲೆಯ ಕಪ್ಪು, ಪುರಸಭೆಯ ಕಂಬ, ಎಲ್ಲವನ್ನೂ ನೋಡಿತು ಎಂದೇ ನಾನು ಹೇಳುತ್ತೇನೆ. ಬೇರೆಯವರು ಬೇರೆ ಏನಾದರೂ ಹೇಳಲಿ. ಆಮೇಲೆ ಹೊಸ್ತಿಲು ಒದ್ದೆಯಾಗಿ ಹೊಳೆಯಿತು, ಅಂದರೆ ನೀರು ಒಂದು ಬೆರಳು ಕೆಳಗಿಳಿದಿತ್ತು.

ಸಂಜೆಯ ಹೊತ್ತಿಗೆ ಗೋಡೆಯ ಆಚೆ ಮರಳು ಕಂಡಿತು. ನನ್ನ ಬೆಳ್ಳಕ್ಕಿ, ಮೀನು, ನೀಲಿ ತೆರೆ ಒಂದೂ ಉಳಿದಿರಲಿಲ್ಲ. ಶಾಲೆಯಲ್ಲಿದ್ದವರು ಮಂಚ ಹೊತ್ತು ವಾಪಸು ಬಂದರು. ಪದ್ಮಯ್ಯನವರ ಬೆಂಚುಗಳಲ್ಲಿ ಎರಡು ಅಳಿವೆಯಲ್ಲಿ ಸಿಕ್ಕಿದವು, ಒಂದನ್ನು ಜೋಕಿಂ ಬೇಕರಿಯ ಮುಂದೆ ಹಾಕಿಕೊಂಡಿದ್ದಾನೆ.

ಇದಾಗಿ ಎಂಟು ವರ್ಷವಾಯಿತು. ನಮ್ಮೂರಿಗೆ ಹೊಸದಾಗಿ ಬಂದವರು ಬಸ್ಸಿನಿಂದ ಇಳಿದು, ಊರಿನ ಮನೆಗಳೆಲ್ಲ ಮುಳುಗಿದ ಹಾಗೆ ಬಣ್ಣ ಬಳಿದುಕೊಂಡಿರುವುದನ್ನು ಕಂಡು, ಇವರಿಗೇನಾಗಿದೆ ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ದೀಪಾವಳಿ ಕಳೆದ ಮೇಲೆ ಗೋಡೆಯ ಆಚೆಗೆ ಈಗ ಅರ್ಧ ಊರು ಹಗ್ಗ ಕಟ್ಟಿಕೊಂಡು ಇಳಿಯುತ್ತದೆ. ನನ್ನ ಹಗ್ಗ ಮುತ್ತಕ್ಕ ಹಿಡಿಯುತ್ತಾಳೆ, ಅವಳದನ್ನು ನಾನು ಹಿಡಿಯುತ್ತೇನೆ. ನನ್ನ ಹೆದರಿಕೆ ಒಂದು ಕೂದಲಿನಷ್ಟೂ ಕಡಿಮೆಯಾಗಿಲ್ಲ. ಆದರೆ ಅದುವರೆಗೆ ಇಡೀ ಊರಿನ ಹೆದರಿಕೆಯನ್ನು ಇಬ್ಬರೇ ಹೊತ್ತಿದ್ದೆವು, ಈಗ ಅವರವರದ್ದು ಅವರವರು ಹೊರುತ್ತಾರೆ. ಬೆಳಿಗ್ಗೆ ಬ್ರೆಡ್ಡು ಬಂದಾಗ ಈಗ ನನಗೂ ಕೈ ಮುಗಿಯಬೇಕು ಎನ್ನಿಸುತ್ತದೆ. ಜೋಕಿಂ ಬೇಡ ಎನ್ನುತ್ತಾನೆ, ನಾನು ಮುಗಿಯುತ್ತೇನೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ದೂಮಣ್ಣ ಹೇಳಿ ಕಳಿಸಿದರು. ಹೋದರೆ ಎಂಬತ್ತಾರು ವರ್ಷದ ಮನುಷ್ಯ ಒಗೆದ ಪಂಚೆ ಉಟ್ಟು, ಮೀಸೆ ತಿದ್ದಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು ಕೂತಿದ್ದರು. ನನ್ನನ್ನು ಸಮುದ್ರದ ಹತ್ತಿರ ಕರ್ಕೊಂಡು ಹೋಗು ಎಂದರು. ನಾನು ಮುತ್ತಕ್ಕನನ್ನು ಕರೆತಂದೆ. ಗೋಡೆ ಹತ್ತಲು ಅವರಿಗೆ ಆಗುತ್ತಿರಲಿಲ್ಲ, ಅಳಿವೆಯ ಕಡೆಯಿಂದ ಮೆಲ್ಲಗೆ ನಡೆಸಿಕೊಂಡು ಹೋದೆವು. ಇಳಿತದ ಹೊತ್ತು. ನನಗೆ ಎಲ್ಲಿ ಬೇಡವೆನಿಸಿತೋ ಅಲ್ಲಿ ನಾನು ನಿಂತೆ, ಹಗ್ಗವನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡೆ. ಮುತ್ತಕ್ಕ ನನ್ನ ಹಿಂದೆ ನಿಂತು ಹಗ್ಗದ ಬಾಲ ಹಿಡಿದಳು. ದೂಮಣ್ಣ ಒಬ್ಬರೇ ಮುಂದೆ ಹೋದರು. ಒಂದೊಂದು ಹೆಜ್ಜೆಗೂ ನಿಂತು ನಿಂತು, ಒದ್ದೆ ಮರಳಿನ ಅಂಚಿಗೆ ಹೋಗಿ, ಅಲ್ಲಿ ಕೈ ಮುಗಿದುಕೊಂಡು ನಿಂತರು.

“ಐವತ್ತು ವರ್ಷ ಬರೆದೆ,” ಎಂದರು. ನನಗೆ ಹೇಳಿದ್ದಲ್ಲ. “ಬೇರೆ ಒಬ್ಬರೂ ನೋಡ್ಲಿಲ್ಲ. ನೀನು ದಿನಕ್ಕೆ ಎರಡು ಸಲ ಬಂದು ನೋಡಿದೆ. ದೊಡ್ಡ ಉಪಕಾರ ಆಯ್ತು.”

ಒಂದು ಸಣ್ಣ ತೆರೆ ಬಂದು ಅವರ ಹೆಬ್ಬೆರಳನ್ನು ಮುಟ್ಟಿತು. ಆ ದೊಡ್ಡ ಮೈ ಇಡೀ ನಡುಗಿದ್ದು ಹಗ್ಗದಲ್ಲಿ ನನ್ನ ಕೈಗೆ ಬಂತು. ಆದರೂ ತೆರೆ ಪೂರ್ತಿ ಹಿಂದಕ್ಕೆ ಹೋಗುವವರೆಗೆ ಅವರು ಕಾಲು ತೆಗೆಯಲಿಲ್ಲ. ಆಮೇಲೆ ತಿರುಗದೆಯೇ, “ಸಾಕು ಮಗಾ, ಎಳಿ,” ಎಂದರು.

ನಾನೂ ಮುತ್ತಕ್ಕನೂ ಸೇರಿ ಎಳೆದೆವು.